ದನಿ ದೋಣಿಯ ಒಳಗೋ, ಹೊರಗೋ

ದೆವ್ವ, ಭೂತ, ಸತ್ತವರ ದನಿ ಅಂತ ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ನಗುವ ಹಕ್ಕೂ ನನಗಿತ್ತು, ಯಾಕೆಂದರೆ ಪರರ ದನಿ ಕದಿಯುವುದೇ ನನ್ನ ಚಟ. ಕಂಡಕ್ಟರ್, ಮಾಸ್ತರ, ಬೀಗರು, ಯಾರನ್ನೂ ಬಿಡದೆ ಅಣಕಿಸಿ ಬೈಸಿಕೊಂಡವನು. ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತೇನೆ. ಮುಧೋಳದವನು, ಮೈಕಟ್ಟು ನಮ್ಮೂರ ನಾಯಿಯದು, ಓಟ ಮಾತ್ರ ಬಂದಿಲ್ಲ. ಇಂಥವನ ಮಾತನ್ನು ನಂಬುವುದು ಕಷ್ಟ ಅಂತ ಗೊತ್ತು. ಆದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಒಂದು ಹಳೆಯ ಹಾಯಿದೋಣಿಯನ್ನು ದುರಸ್ತಿ ಮಾಡುತ್ತಿದ್ದೆವು. ದೋಣಿ ಚಿಕ್ಕಪಡಸಲಗಿಯ ಬಸುವಿನ ಅಪ್ಪನದು. ಜನರನ್ನು ಹೊಳೆ ದಾಟಿಸುತ್ತಲೇ ಮುದುಕರಾದ ಅವರು ತೀರಿಕೊಂಡು ವರ್ಷವಾಗಿತ್ತು. ಆ ದೋಣಿಯಲ್ಲೇ ಕೃಷ್ಣೆಯ ಹಿನ್ನೀರಿಗೆ ಇಳಿದು, ಬೀಳಗಿಯ ಕಡೆಯ ದಂಡೆ ಹಿಡಿದು, ಆಲಮಟ್ಟಿಯ ಗೋಡೆ ಕಾಣುವತನಕ ಹೋಗಬೇಕು ಅನ್ನುವುದು ಬಸುವಿನ ಹಟ. ಅಪ್ಪ ಹೋಗುತ್ತೇನೆ, ಹೋಗುತ್ತೇನೆ ಅನ್ನುತ್ತಲೇ ಉಳಿಸಿಹೋದ ದಾರಿ ಅದು. ಬನಹಟ್ಟಿಯ ಈರಣ್ಣ ಹಾಯಿಗೆಂದು ತನ್ನ ಮಗ್ಗದಲ್ಲೇ ದಪ್ಪ ಬಟ್ಟೆ ನೇಯ್ದು ತಂದಿದ್ದ. ನಾನು ತಂದದ್ದು ಬರೀ ಬಾಯಿ.

ನನ್ನನ್ನು ಸೇರಿಸಿಕೊಳ್ಳುವಾಗ ಬಸು ಒಂದು ಕರಾರು ಹಾಕಿದ್ದ: "ಯಾರ ದನಿ ಬೇಕಾದ್ರೂ ತಗಿಲೇ. ನಮ್ಮಪ್ಪಂದು ಮಾತ್ರ ಬ್ಯಾಡ." ಅವನಪ್ಪ ದಂಡೆಯಿಂದ ದಂಡೆಗೆ ಕೂಗುವುದನ್ನು ಅವರ ಮುಂದೆಯೇ ಅಣಕಿಸಿ, ಅವರಿಂದಲೇ ಶಭಾಷ್ ಅನ್ನಿಸಿಕೊಂಡವನು ನಾನು. ಆದರೂ ಮಾತು ಕೊಟ್ಟೆ.

ಅವತ್ತು ಮಧ್ಯಾಹ್ನ ದೋಣಿಯನ್ನು ದಂಡೆಯಲ್ಲಿ ಬೋರಲು ಹಾಕಿ ಅಂಚಿಗೆ ಕಲ್ಲು ಕೊಟ್ಟಿದ್ದೆವು. ಬಸು ಅದರಡಿಗೆ ತೂರಿ ಅಂಗಾತ ಮಲಗಿದ್ದ. ಹಲಗೆಗಳ ಸಂದಿಯಲ್ಲಿ ಬಿಸಿಲು ಇಣುಕಿದ ಕಡೆ ಅವನು ಒಳಗಿನಿಂದ ಬಡಿಯಬೇಕು. ಹೊರಗೆ ನಾನು ಅಲ್ಲಿ ಹತ್ತಿ ತುರುಕಿ ಡಾಂಬರು ಬಳಿಯಬೇಕು. ಕೈ ಎರಡೂ ಕೆಲಸದಲ್ಲಿದ್ದವು, ಹತ್ತಿಯ ಹುರಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಈರಣ್ಣ ನನ್ನೆದುರಿಗೇ ಕೂತು ಹಾಯಿಯ ಅಂಚು ಹೊಲಿಯುತ್ತಿದ್ದ.

ಬಡಿತ ನಿಂತಿತು. ದೋಣಿಯ ಒಳಗಿನಿಂದ ಒಂದು ವಯಸ್ಸಾದ ದನಿ ಮೆಲ್ಲಗೆ ಕೇಳಿತು: "ಉಂಡಿ ಏನೋ ತಮ್ಮಾ?"

ಹಿಂದೆಯೇ ಬಸುವಿನ ದನಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟಷ್ಟು ಸಲೀಸಾಗಿ: "ಇನ್ನೂ ಇಲ್ಲಪ್ಪಾ."

ಬಸು ನನ್ನ ವಿದ್ಯೆಯನ್ನು ನನ್ನ ಮೇಲೇ ತಿರುಗಿಸಿದ ಅಂದುಕೊಂಡೆ. ಚೆನ್ನಾಗಿ ಮಾಡಿದ್ದಾನೆ ಅಂತ ಹೊಟ್ಟೆಕಿಚ್ಚೂ ಆಯಿತು. ಅಷ್ಟರಲ್ಲಿ ಅವನು ಮೊಣಕಾಲು ತರಚಿಕೊಂಡು ಹೊರಬಂದು ನನ್ನ ಅಂಗಿಗೆ ಕೈಹಾಕಿದ.

"ಮಾತ ಕೊಟ್ಟಿದ್ದಿಲ್ಲೇನಲೇ, ನಾಚಿಕಿಗೇಡಿ?"

ಹುರಿ ಉಗುಳಿದೆ. "ನಾ ಎಲ್ಲೆಲೇ? ದನಿ ಒಳಗಿಂದ ಬಂತು. ನೀನ ಅಂದಿ."

"ಹೊರಗಿಂದ ಬಂತು! ನೀ ನಿಂತಲ್ಲಿಂದನ!"

ಇಬ್ಬರೂ ಈರಣ್ಣನ ಕಡೆ ತಿರುಗಿದೆವು. ಅವನ ಸೂಜಿ ನಿಂತುಬಿಟ್ಟಿತ್ತು. "ನನಗ ಬಸ್ಯಾ 'ಇನ್ನೂ ಇಲ್ಲಪ್ಪಾ' ಅಂದದ್ದಷ್ಟ ಕೇಳಿಸ್ತು. ಯಾರ ಜೋಡಿ ಮಾತಾಡಾಕತ್ತಾನ ಅಂತ ನೋಡಾಕತ್ತಿದ್ದೆ. ಇವನ ಬಾಯಾಗ ಹತ್ತಿ ಇತ್ತು, ಖರೆ. ಆದ್ರ ಇವನ್ನ ನಂಬೂದ ಹೆಂಗೋ?"

ಮೂವರ ಫೋನುಗಳೂ ಬೈಕಿನ ಚೀಲದಲ್ಲಿದ್ದವು. ಅಪ್ಪನ ದನಿ ಹಿಡಿದಿಟ್ಟದ್ದೇನಾದರೂ ಇದೆಯೋ ಅಂತ ತೆಗೆದು ಒಬ್ಬರದನ್ನೊಬ್ಬರು ಜಾಲಾಡಿದೆವು. ಬಸು ದಂಡೆಯ ಮೇಲಿನ ಹೊಲದ ಕಬ್ಬಿನ ಸಾಲುಗಳಲ್ಲಿ ಹೊಕ್ಕು ಹುಡುಕಿದ. ಯಾರೂ ಇರಲಿಲ್ಲ. ಇವರಿಬ್ಬರೂ ಸೇರಿ ನನಗೆ ಬುದ್ಧಿ ಕಲಿಸುತ್ತಿದ್ದಾರೆ ಅನ್ನುವ ಸಂಶಯ ನನ್ನದು. ಆದರೆ ಬಸುವಿನ ತುಟಿ ಅದುರುತ್ತಿತ್ತು. ಅಷ್ಟು ನಟನೆ ಅವನಿಗೆ ಬಾರದು.

"ಇವ ಬರೋದಾದ್ರ ದೋಣಿ ಇಲ್ಲೇ ಕೊಳೀಲಿ," ಅಂದ. ತುಸು ಹೊತ್ತಿನ ಮೇಲೆ ಅವನೇ, "ಒಂದ್ ಕೆಲಸ ಮಾಡು. ನಾ ಒಳಗ ಮಲಗತೀನಿ. ಅದ ಮಾತ ಅಪ್ಪನ ದನಿಲೆ ಅನ್ನು. ನೀನ ಆಗಿದ್ರ ಗೊತ್ತಾಗತೈತಿ."

ಅಂದೆ. "ಅಲ್ಲ," ಅಂತ ಒಳಗಿನಿಂದ ಬಂತು. ದನಿ ಇಳಿಸಿ ಅಂದೆ. "ಅಲ್ಲಲೇ." ನನಗೆ ಬರುತ್ತಿದ್ದದ್ದು ಹೊಳೆಯ ಮೇಲಿನ ಆ ಕೂಗು ಒಂದೇ. ಮನೆಯೊಳಗೆ ಮಗನನ್ನು ಅವರು ಹೇಗೆ ಮಾತಾಡಿಸುತ್ತಿದ್ದರೋ, ನಾನು ಯಾವತ್ತೂ ಕೇಳಿದವನಲ್ಲ. "ಇನ್ನೊಮ್ಮಿ," ಅಂದ. ಮತ್ತೆ ಅಂದೆ. ಐದೋ ಆರೋ ಸಲ ಆಗಿರಬೇಕು. ಆಮೇಲೆ ಒಳಗಿನ ದನಿ ಬದಲಾಯಿತು. ಅದರಲ್ಲಿ ಸಿಟ್ಟಿರಲಿಲ್ಲ. "ತಡಿ, ಈಗ ಸ್ವಲ್ಪ ಹತ್ತರ ಬಂತು. ಇನ್ನೊಮ್ಮಿ ಅನ್ನೋ."

ಮತ್ತೊಮ್ಮೆ ಅಂದೆ. ಕಳ್ಳ ನಾನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು, ಅವನು ಕೇಳಿದಾಗಲೆಲ್ಲ ಆ ದನಿ ಕೊಡಬಹುದಿತ್ತು ಅನ್ನಿಸಿತು.

ಎಂಟು ದಿನಗಳ ಮೇಲೆ ಮೂವರೂ ಹೊರಟೆವು, ಆಲಮಟ್ಟಿಯ ಗೋಡೆ ನೋಡಿಕೊಂಡು ಬಂದೆವು. ಅದು ಏನಾಗಿತ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಬಸು ಈಗಲೂ ಒಮ್ಮೊಮ್ಮೆ ಓರೆಗಣ್ಣಿನಿಂದ ನನ್ನ ಬಾಯಿ ನೋಡುತ್ತಾನೆ. ನಾನು ಅವನದನ್ನು ನೋಡುತ್ತೇನೆ. ಊಟದ ಹೊತ್ತಾದರೆ ನಮ್ಮಲ್ಲಿ ಯಾರೂ ಯಾರನ್ನೂ ಉಂಡೆಯಾ ಅಂತ ಕೇಳುವುದಿಲ್ಲ. ಸುಮ್ಮನೆ ತಾಟು ಮುಂದಿಡುತ್ತೇವೆ.