ಗ್ಯಾಸಿಗೆ ಬೇಕಿದ್ದ ನನ್ನ ಸಹಿ

ಬಾಗಲಗುಂಟೆಯ ನಮ್ಮ ರಾಗಿ ಹೊಲದಲ್ಲಿ ಆರು ಬಾಡಿಗೆ ಮನೆಗಳ ವಠಾರ ಎದ್ದ ಮೇಲೆ ನಾನು ಓನರ್ ಅಕ್ಕ ಆದೆ. ಕಳೆ ಕಿತ್ತುಕೊಂಡಿದ್ದವಳಿಗೆ ಆ ಪದವಿ ನೆತ್ತಿಗೇರಿತ್ತು, ಸುಳ್ಳು ಯಾಕೆ ಹೇಳಲಿ. ನಾವು ಮಹಡಿಯ ಮೇಲಿದ್ದೆವು. ಕೆಳಗೆ ಯಾರಾದರೂ ಗೋಡೆಗೆ ಮೊಳೆ ಹೊಡೆದರೆ ಸಾಕು, ಮೇಲಿನಿಂದಲೇ ಬೈಯುತ್ತಿದ್ದೆ.

ಕೊನೇ ಮನೆಗೆ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಲೋಡಿಂಗ್ ಮಾಡುವವನೂ ಅವನ ಹೆಂಡತಿಯೂ ಬಂದರು. ಬಂದ ತಿಂಗಳಲ್ಲೇ ಅವಳು ಗ್ಯಾಸ್ ಕನೆಕ್ಷನ್ನಿನ ಫಾರಂ ಹಿಡಿದು ನನ್ನ ಬಾಗಿಲಿಗೆ ಬಂದಳು. ಇವರು ನಮ್ಮ ಬಾಡಿಗೆದಾರರು ಅಂತ ನಾನೊಂದು ಕಾಗದ ಬರೆದು ಸಹಿ ಹಾಕಬೇಕಿತ್ತು. ನನ್ನ ಯಜಮಾನರು ಒಳಗಿನಿಂದಲೇ ತಡೆದರು.

"ಬರ್ಕೊಟ್ಟಿದ್ದೇ ತಡ, ನಾಳೆ ಮನೆ ನಂದೇ ಅಂತ ಕೂತ್ಕೊಬುಡ್ತಾರೆ."

ನಮ್ಮ ಕಡೆಯ ಓನರುಗಳಿಗೆಲ್ಲ ಇದ್ದ ಭಯವೇ ಅದು. ಮುಂದಿನ ತಿಂಗಳು ನೋಡೋಣ ಅಂತ ಸಾಗಹಾಕಿದೆ. ಅವಳು ನಾಲ್ಕು ಸಲ ಬಂದು ಕೇಳಿ ಸುಮ್ಮನಾದಳು.

ಗಂಡ ಫ್ಯಾಕ್ಟರಿಯಿಂದ ಒಡೆದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತರುತ್ತಿದ್ದ. ಅವಳು ಬಾಗಿಲ ಹೊರಗೆ ಮೂರು ಇಟ್ಟಿಗೆ ಹೂಡಿ ಅದನ್ನೇ ಉರಿಸುತ್ತಿದ್ದಳು. ಆ ಹಲಗೆಗೆ ಎಂಥದೋ ಎಣ್ಣೆ, ಬಣ್ಣ ಮೆತ್ತಿರುತ್ತಿತ್ತು. ಹೊಗೆ ಕಣ್ಣಿಗೆ ಖಾರದಪುಡಿ ಎರಚಿದಂತಿರುತ್ತಿತ್ತು. ಹೊಸ ಪೇಂಟು ಕಪ್ಪಾಯಿತು ಅಂತ ರಂಪ ಮಾಡಿದೆ. ಮರುದಿನದಿಂದ ಹೊರಗೆ ಹೊಗೆ ಇಲ್ಲ. ಸದ್ಯ, ಬುದ್ಧಿ ಬಂತು ಅಂದುಕೊಂಡೆ. ಅವಳು ಒಲೆಯನ್ನು ಒಳಗೆ ಇಟ್ಟುಕೊಂಡು, ನನಗೆ ಕಾಣದಿರಲೆಂದು ಕಿಟಕಿ ಮುಚ್ಚಿ ಅಡುಗೆ ಮಾಡುತ್ತಿದ್ದಳು ಅಂತ ಆಮೇಲೆ ತಿಳಿಯಿತು. ಕೆಮ್ಮು ಮಾತ್ರ ಮೇಲಕ್ಕೂ ಕೇಳಿಸುತ್ತಿತ್ತು. ಈ ಧೂಳಿನ ಏರಿಯಾದಲ್ಲಿ ಯಾರಿಗೆ ಕೆಮ್ಮಿಲ್ಲ ಅಂತ ಸುಮ್ಮನಿದ್ದೆ.

ಹೀಗೇ ಎರಡು ವರ್ಷ ಹೋಯಿತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತಲು ಹೋದವಳು ಉಸಿರು ಸಿಗದೆ ಕುಸಿದು ಕೂತಳು. ತುಟಿ ನೀಲಿಯಾಗಿತ್ತು. ಗಂಡ ಶಿಫ್ಟಿಗೆ ಹೋಗಿದ್ದ. ಆಟೋ ಹಿಡಿದು ನಾನೇ ಕರೆದುಕೊಂಡು ಹೋದೆ. ಡಾಕ್ಟರು ಎದೆ ಪರೀಕ್ಷಿಸಿ, ಮನೆಯಲ್ಲಿ ಯಾವ ಒಲೆ ಅಂತ ಕೇಳಿ ತಿಳಿದುಕೊಂಡರು. ಆ ಹೊಗೆಯೇ ಶ್ವಾಸಕೋಶ ತಿಂದಿದೆ, ಇನ್ನೊಂದು ದಿನವೂ ಅದರ ಮುಂದೆ ಕೂರಕೂಡದು, ಗ್ಯಾಸ್ ಯಾಕೆ ತಗೊಂಡಿಲ್ಲ ಅಂತ ಗದರಿದರು.

"ಅಡ್ರೆಸ್ ಪ್ರೂಫ್ ಇಲ್ಲ ಸಾರ್," ಎಂದಳು.

"ಓನರ್ ಕೈಲಿ ಬರೆಸ್ಕೊಳ್ಳಮ್ಮ. ಎಲ್ಲಿದ್ದಾರೆ ಓನರ್?"

ನಾನು ಅವಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಅವ್ರು ಊರಲ್ಲಿಲ್ಲ ಸಾರ್."

ಅವಳು ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಇದಕ್ಕೆ ಏನು ಮಾಡಲಿ? ನಾಚಿಕೆಯಿಂದ ಸತ್ತೇಹೋದೆ. ಮನೆಗೆ ಬಂದವಳೇ ಯಜಮಾನರನ್ನು ಒಂದು ಮಾತೂ ಕೇಳದೆ ಕಾಗದ ಬರೆದು ಸಹಿ ಹಾಕಿಕೊಟ್ಟೆ. ಎರಡು ನಿಮಿಷದ ಕೆಲಸ.

ಗ್ಯಾಸ್ ಬಂತು. ಅವಳ ಕಣ್ಣುರಿ ಹೋಯಿತು, ಕೆಮ್ಮೂ ತಗ್ಗಿತು. ಆದರೆ ಹೋದ ಉಸಿರು ಪೂರ್ತಿ ವಾಪಸ್ ಬರುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹೊಸ ಒಲೆಯಲ್ಲಿ ಮೊದಲ ಸಲ ಶಾವಿಗೆ ಪಾಯಸ ಮಾಡಿದ ದಿನ ನನಗೂ ಒಂದು ಲೋಟ ತಂದಳು. ಮೆಟ್ಟಿಲು ಹತ್ತಲಾಗದೆ ಕೆಳಗೇ ನಿಂತು ಕರೆದಳು. ನಾನು ಇಳಿದು ಹೋದೆ. ಏದುಸಿರು ಬಿಡುತ್ತಲೇ ಲೋಟ ಕೈಗಿಟ್ಟು, ಬಿಸಿ ಇರುವಾಗಲೇ ಕುಡಿಯಿರಿ ಅಕ್ಕ ಅಂದಳು. ಅವಳೆದುರೇ ನಿಂತು ಕುಡಿಯಬೇಕಾಯಿತು.