ಹ್ಯಾಲೊಜನ್ ದೀಪದ ಕೆಳಗೆ ಎರಡು ಮೀನು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ನನ್ನ ಮಿಮಿಕ್ರಿ ವಿಡಿಯೊದಲ್ಲಿ ಹಿಂದೆ ನೀರು ಫಳಫಳ ಹೊಳೆಯಲಿ ಎಂದು ವೈನಿಯ ಮೀನಿನ ತೊಟ್ಟಿಯ ಮುಚ್ಚಳದ ಮೇಲೆ ಹ್ಯಾಲೊಜನ್ ದೀಪ ಇಟ್ಟವನು ನಾನು. ಕುಷಾಯಿಗೂಡದ ನಮ್ಮ ಮನೆ ಕೊನೆಯ ಮಹಡಿಯಲ್ಲಿದೆ. ಮೇ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಚಹಾಕ್ಕೆ ಅರ್ಧ ಕಾದ ನೀರೇ ಬರುತ್ತದೆ. ಅಂಥ ಮನೆಯಲ್ಲಿ, ಅಂಥ ಮಧ್ಯಾಹ್ನ, ಅಂಥ ದೀಪ. ನನ್ನ ಬುದ್ಧಿ ನೋಡಿ.

ವೈನಿ ಅಂದರೆ ಅಣ್ಣನ ಹೆಂಡತಿ. ಮದುವೆಯಾಗಿ ಕಲಬುರಗಿಯಿಂದ ಬಂದ ಹೊಸತರಲ್ಲಿ ಆ ಎರಡು ಚಿನ್ನದ ಮೀನುಗಳನ್ನು ತಂದಿದ್ದರು. ಮಾದಾಪುರದ ಆಫೀಸಿನಲ್ಲಿ ದಿನವಿಡೀ ತೆಲುಗು, ಹಿಂದಿ ಆಡಿ ದಣಿದು ಬಂದವರು, ಚಪ್ಪಲಿ ಬಿಡುತ್ತಲೇ ಮೊದಲು ಅವನ್ನು "ಉಂಡ್ರೇನವ್ವಾ?" ಎಂದು ಕೇಳುವರು. ನಮ್ಮ ಸರದಿ ಆಮೇಲೆ.

ನಾನು ವಾಚ್‌ಮನ್ ಧ್ವನಿ ತೆಗೆಯುತ್ತಿದ್ದಾಗ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ನನ್ನ ಕಲೆಗೆ ಬಾಯಿಬಿಟ್ಟ ಮೊದಲ ಪ್ರೇಕ್ಷಕರು ಎಂದುಕೊಂಡು ಅವುಗಳ ಮಿಮಿಕ್ರಿಯನ್ನೂ ಮಾಡಿ ತೋರಿಸಿದೆ. ವಿಡಿಯೊ ಮನೆಯವರ ಗ್ರೂಪಿಗೆ ಹೋಯಿತು. ಅಣ್ಣ ನಕ್ಕ. ವೈನಿ ಫೋನ್ ಮಾಡಿದರು.

"ನೀ ಮಾಡಿದ್ದು ನಗು ಬರೋ ಹಂಗೇ ಐತಿ. ಆದ್ರ ಹಿಂದ ಅವು ಯಾಕ ಬಾಯಿ ತೆಗಿಯಾಕತ್ತಾವ? ನೀರಾಗ ಕೈ ಇಟ್ಟು ನೋಡು."

ಇಟ್ಟೆ. ಸ್ನಾನಕ್ಕೆ ತೋಡಿಟ್ಟ ನೀರಿನ ಹಾಗಿತ್ತು.

"ಬಿಸಿ ಐತ್ರಿ ವೈನಿ. ಐಸ್ ಸುರೀಲೇನ್ರಿ?"

"ಸುರಿದಿ ಅಂದ್ರ ಅದಕ್ಕೇ ಸಾಯ್ತಾವ. ಒಮ್ಮೆಲೆ ತಣ್ಣಗ ಆಗಬಾರದು. ದೀಪ ಆರಸು, ಮುಚ್ಚಳ ತಗಿ. ಟೇಬಲ್ ಫ್ಯಾನ್ ಗಾಳಿ ನೀರಿನ ಮ್ಯಾಲ ಹಾಯೋ ಹಂಗ ಇಡು. ನಾ ಬರಾಕತ್ತೀನಿ."

ಐಸಿನ ತಟ್ಟೆ ಆಗಲೇ ನನ್ನ ಕೈಯಲ್ಲಿತ್ತು. ತಿರುಗಿ ಫ್ರಿಜ್ಜಿಗಿಟ್ಟು, ಅವರು ಹೇಳಿದಂತೆಲ್ಲ ಮಾಡಿ, ತೊಟ್ಟಿಯ ಮುಂದೆ ಕುಳಿತೆ. ಕರೆಂಟ್ ಹೋದರೆ ಫ್ಯಾನೂ ಇಲ್ಲ, ಗಾಳಿಗುಳ್ಳೆಯ ಪಂಪೂ ಇಲ್ಲ. ಟ್ಯೂಬ್‌ಲೈಟ್ ಮಿಣುಕಿದಾಗೆಲ್ಲ ಫ್ಯಾನಿನತ್ತ ತಿರುಗಿ ನೋಡುತ್ತಿದ್ದೆ. ಸಣ್ಣ ಮೀನು ಒಂದು ಮಗ್ಗುಲಿಗೆ ವಾಲಿತು. ಧೈರ್ಯ ತುಂಬೋಣವೆಂದು ವೈನಿಯ ಧ್ವನಿಯಲ್ಲಿ "ಉಂಡ್ರೇನವ್ವಾ" ಅಂದೆ. ಊರವರ ಧ್ವನಿಯೆಲ್ಲ ತೆಗೆಯುವ ನನ್ನ ಗಂಟಲಿನಿಂದ ಬಂದದ್ದು ಯಾರದ್ದೂ ಅಲ್ಲದ ಒಂದು ಒಡಕು ಸ್ವರ. ಲಿಫ್ಟ್ ಸದ್ದಾದರೆ ಸಾಕು, ವೈನಿ ಬಾಗಿಲು ತೆರೆಯುವ ಹೊತ್ತಿಗೆ ಇದು ಮಗುಚಿ ತೇಲುತ್ತಿದ್ದರೆ ಎಂದು ಬೆವರುತ್ತಿದ್ದೆ.

ವೈನಿ ಬಂದರು. ಚಪ್ಪಲಿ ಬಿಡದೆಯೇ ನೀರಲ್ಲಿ ಬೆರಳಿಟ್ಟರು. ನೀರಿನ ಬಿಸಿ ಕೊಂಚ ಇಳಿದಿತ್ತು, ಆದರೂ ಅವರು ಫ್ಯಾನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದು ತೊಟ್ಟಿಯ ಮುಂದೆ ಕುಳಿತರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಸಣ್ಣ ಮೀನು ನೆಟ್ಟಗಾಯಿತು. ದೊಡ್ಡದರ ಹಿಂದೆಯೇ ಮೆಲ್ಲಗೆ ತಳದ ಹರಳುಗಳತ್ತ ಇಳಿಯಿತು.

ಆಗ ನನಗೆ ನಾಲಿಗೆ ಬಂತು. "ವೈನಿ, ನಿಮ್ಮ ಧ್ವನಿಯಾಗ ನನಗ ನಾನೇ ಬೈಕೊಳ್ಳಲೇನ್ರಿ?"

ವೈನಿ ತೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಧ್ವನಿ ಬ್ಯಾಡ. ಮೀನಿಂದು ಮಾಡು. ಅವು ಈಗ ಬಾಯಿ ಮುಚ್ಚ್ಯಾವ."