ಬಂಗಾರಪೇಟೆಯ ತಿಳಿನೀರು

ಮೊನ್ನೆ ಮೊಮ್ಮಗಳು ಬಂಗಾರಪೇಟೆಯಲ್ಲಿ ಪಾನಿಪೂರಿ ಕೊಡಿಸಿದಳು. ನಮ್ಮ ಕಡೆಯ ಪಾನಿ ಹಸಿರಾಗಿರುವುದಿಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. ಗೊತ್ತಿಲ್ಲದವರು ಬರೀ ನೀರೆಂದು ಬಾಯಿಗೆ ಹಾಕಿಕೊಂಡು ಕೆಮ್ಮುತ್ತಾರೆ. ಬಟ್ಟಲು ಎತ್ತಿದಾಗ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ವಾಸನೆ ಮೂಗಿಗೆ ಹೊಡೆಯಿತು. ಆಗ ಪಕ್ಕದ ಮನೆಯಲ್ಲಿದ್ದ ಫಿಟ್ಟರ್ ನೆನಪಾದ...

ಆತ ಧಾರವಾಡದ ಕಡೆಯವನು. ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ. ನಾನು ಕ್ಯಾಸಂಬಳ್ಳಿಯಿಂದ ಬಂದವಳು, ಹಸು ಕಟ್ಟಿಕೊಂಡು ಆ ಬೀದಿಗೆ ಹಾಲು ಹಾಕುತ್ತಿದ್ದೆ. ಆ ಗಂಡ ಹೆಂಡತಿ ಬೆಳಗಾದರೆ ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಅವರು ಮಾತಾಡುವ ರೀತಿಯೇ.

ಹೆಂಡತಿಗೆ ಎದೆಯಲ್ಲಿ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಆಮೇಲೆ ಕೀಮೋ. ಬೆಳಿಗ್ಗೆ ರೈಲು ಹತ್ತಿ ಹೋದರೆ ರಕ್ತ ನೋಡಿ, ಬಿಳಿ ಕಣ ಕಡಿಮೆ ಇದೆ, ಇವತ್ತು ಔಷಧಿ ಕೊಡುವಂತಿಲ್ಲ ಎಂದು ಎಷ್ಟೋ ಸಲ ವಾಪಸ್ ಕಳಿಸುತ್ತಿದ್ದರು. ಔಷಧಿ ಏರಿಸಿದ ದಿನಕ್ಕಿಂತ ಏರಿಸದೆ ಕಳಿಸಿದ ದಿನವೇ ಆಕೆ ಹೆಚ್ಚು ಸೊರಗುತ್ತಿದ್ದಳು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅವತ್ತೂ ಹಾಗೇ ಆಯಿತು. ಬಂಗಾರಪೇಟೆಯಲ್ಲಿ ಇಳಿದು ಕೆಜಿಎಫ್‌ ಕಡೆಗೆ ಹೋಗುವ ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದಾಗ ಆಕೆ ಬೆಂಚಿನ ಮೇಲೆ ಕುಸಿದು ಕೂತಳು. “ಇನ್ನ ನಾ ಬರೂದಿಲ್ಲ. ಸಾಕಾತು.”

“ಏನೂ ಆಗಾಕಿಲ್ಲ ಸುಮ್ಕಿರಮ್ಮ, ವಾಸಿಯಾಯ್ತದೆ” ಅಂದೆ ನಾನು. ಎಲ್ಲರೂ ಹೇಳುವ ಮಾತು. ಆತ ಅದನ್ನು ಹೇಳಲಿಲ್ಲ.

“ಏನರೆ ತಿಂತಿ?” ಎಂದು ಕೇಳಿದ.

“ನಾಲಿಗಿ ಸತ್ತೈತಿ. ಇಲ್ಲಿ ಪಾನಿಪೂರಿ ತಿಂದ್ರ ರುಚಿ ಹತ್ತತೈತೇನೋ.”

ಕಣ ಕಡಿಮೆಯಿರುವಾಗ ಹೊರಗಿನ ನೀರು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಮಾರನೇ ದಿನ ಆತ ಶಿಫ್ಟು ಮುಗಿಸಿ ನೇರ ನಮ್ಮ ಬಾಗಿಲಿಗೆ ಬಂದ. “ಅಕ್ಕಾರ, ಬಳ್ಳೊಳ್ಳಿ ಅದಾವೇನ್ರಿ?”

ನೀರು ಕುದಿಸಿ ಆರಿಸಿದ. ಸೋಸುವ ಬಟ್ಟೆಯನ್ನೂ ಕುದಿಸಿದ. ಆದರೆ ಕೊತ್ತಂಬರಿಯನ್ನು ಕಟ್ಟುಗಟ್ಟಲೆ ಅರೆದು ಸುರಿದುಬಿಟ್ಟಿದ್ದ. ಆಕೆ ಇಣುಕಿ ನೋಡಿ, “ಬೇತಮಂಗಲದ ಕೆರಿ ನೀರು ತಂದಿರೇನು?” ಎಂದಳು. ಆತ ಚೆಲ್ಲಿ ಬಂದು, ಸೊಪ್ಪು ಬಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡಿದ. ಸೋಸುವುದು, ಲೋಟವನ್ನು ಬೆಳಕಿಗೆ ಹಿಡಿಯುವುದು, ತಲೆ ಅಲ್ಲಾಡಿಸುವುದು, ಮತ್ತೆ ಸೋಸುವುದು. ಪೂರಿ ನಾನು ಕರಿದೆ. ಅರ್ಧ ಉಬ್ಬಲೇ ಇಲ್ಲ. ಕೊನೆಗೆ ಆಕೆ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ಉಪ್ಪು ಕಮ್ಮಿ ಆಗೇತಿ.”

ಆತ ಉಪ್ಪಿನ ಡಬ್ಬಿಗೆ ಓಡಿದ ಓಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಮುಂದಿನ ವಾರ ಆಸ್ಪತ್ರೆಗೆ ಹೊರಡಲು ಆಕೆ ತಾನೇ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತಿದ್ದಳು.

ಅವತ್ತು ಔಷಧಿ ಏರಿಸಿದರು. ಆಮೇಲೂ ಕೆಲವು ಸಲ ಏರಿಸಿದರು, ಕೆಲವು ಸಲ ಕಳಿಸಿದರು. ಒಂದು ಸಂಜೆ ಜಗಲಿಯಲ್ಲಿ ಆಕೆ ಗಂಡನನ್ನು ಕೇಳಿದಳು: “ನಾ ಉಳೀತೀನೇನ್ರಿ?”

“ಗೊತ್ತಿಲ್ಲ. ಗೊತ್ತಾದ ದಿನ ಹೇಳ್ತೀನಿ.”

ಸ್ಕ್ಯಾನಿಂಗ್‌ನಲ್ಲಿ ಲಿವರಿಗೂ ಹರಡಿದೆ ಎಂದು ಬಂದಾಗ ಡಾಕ್ಟರು ಆತನನ್ನು ಒಬ್ಬನನ್ನೇ ಕರೆದು ಹೇಳಿದ್ದರಂತೆ. ಆತ ಮನೆ ಮುಟ್ಟುವವರೆಗೂ ತಡೆಯದೆ ರೈಲಿನಲ್ಲೇ ಆಕೆಗೆ ಹೇಳಿದ. ನನಗೆ ರೇಗಿಹೋಯಿತು.

“ಏನಪ್ಪಾ, ಬುದ್ಧಿ ಐತಾ ನಿಂಗೆ? ಆಯಮ್ಮನ ಮುಂದೆ ಅಂಗೇ ಯೋಳ್ಬಿಡೋದಾ?”

“ಮುಚ್ಚಿಟ್ರ ಏನಾಗತೈತಿ ಅಕ್ಕಾರ? ಆಕಿ ಒಬ್ಬಾಕೀನ ಅಂಜ್ತಾಳ, ನಾ ಒಬ್ಬಾಂವನ ಅಂಜ್ತೀನಿ. ಈಗ ಇಬ್ಬರೂ ಕೂಡೇ ಅಂಜ್ತೀವಿ.”

ನನಗೆ ಓದು ಅಷ್ಟಕ್ಕಷ್ಟೆ. ದೊಡ್ಡ ಮಾತು ಹೇಳುವವರನ್ನು ನಂಬುವವಳೂ ಅಲ್ಲ. ಇದು ಮಾತ್ರ ಬಿಡಲಿಲ್ಲ ನನ್ನನ್ನು. ಆಮೇಲೆ ಆ ಮನೆಗೆ ಹೋದಾಗಲೆಲ್ಲ ನೋಡುತ್ತಿದ್ದೆ, ಅಲ್ಲಿ ಯಾರೂ ಪಿಸುಗುಡುತ್ತಿರಲಿಲ್ಲ. ಆಕೆ ತನ್ನ ಸೀರೆ ಯಾರಿಗೆ ಕೊಡಬೇಕೆಂದು ಜೋರಾಗಿಯೇ ಹೇಳುತ್ತಿದ್ದಳು. ಆತ ಎದುರಾಡುತ್ತಿದ್ದ. ಬೀದಿಯವರಿಗೆ ಮತ್ತೆ ಜಗಳದ ಹಾಗೆ ಕೇಳಿಸುತ್ತಿತ್ತು. ಹೊಸ ಔಷಧಿಯಿಂದ ಒಂದು ಬೇಸಿಗೆ ಚೆನ್ನಾಗಿದ್ದಳು, ಮುಂದಿನದನ್ನು ನೋಡಲಿಲ್ಲ.

ಆತ ರಿಟೈರ್ ಆಗಿ ಊರಿಗೆ ಹೋದ. ಹಬ್ಬಕ್ಕೆ ಫೋನ್ ಮಾಡುತ್ತಿದ್ದ. ಈಚೆಗೆ ಆತನ ಅಣ್ಣನ ಮಗ ಮಾಡಿದ, ಚಿಕ್ಕಪ್ಪ ತೀರಿಕೊಂಡರು, ಅವರಿಗೂ ಅದೇ ಕಾಯಿಲೆ ಎಂದ.

“ಪಾಪ, ಕೊನೀತನಾ ಅವರಿಗೆ ಗೊತ್ತಾಗಲಾರ್ದಂಗ ನೋಡ್ಕೊಂಡ್ವಿ.”

ನಾನು ಫೋನ್ ಇಟ್ಟೆ. ಒಬ್ಬನೇ ಅಂಜಿಕೊಂಡು ಹೋದನಲ್ಲ...

ಬಟ್ಟಲು ಹಿಡಿದು ಹಾಗೇ ನಿಂತಿದ್ದ ನನ್ನನ್ನು ನೋಡಿ ಮೊಮ್ಮಗಳು, “ಯಾಕಜ್ಜಿ, ಖಾರ ಆಯ್ತಾ?” ಎಂದಳು.

“ಇಲ್ಲ ಕಣೇ. ಉಪ್ಪು ಕಮ್ಮಿ” ಅಂದೆ.